ಬಸ್ ಚಾಲಕನ ಮನೆಯ ಗೇರ್ ಸೈಕಲ್ಲು

ಆ ಪುಟ್ಟ ಸೈಕಲ್ಲು ದೊಡ್ಡಪ್ಪನ ಮಗನಿಂದ ಅಕ್ಕನಿಗೆ, ಅಕ್ಕನಿಂದ ತಂಗಿಗೆ ಇಳಿದು ಬರುವ ಹೊತ್ತಿಗೆ ಅದರ ಮೂಲ ಬಣ್ಣ ಯಾವುದೆಂಬುದರ ಬಗ್ಗೆ ಮನೆಯಲ್ಲಿ ಒಮ್ಮತವೇ ಉಳಿದಿರಲಿಲ್ಲ. ತಂಗಿಗೆ ಬಣ್ಣದ ಗೊಡವೆಯಿಲ್ಲ. ಅವಳ ಕಣ್ಣೆಲ್ಲ ನೀರಿನ ಟ್ಯಾಂಕಿನ ದಿಬ್ಬದ ಮೇಲೆ. ಅಕ್ಕ ಮತ್ತವಳ ಗೆಳತಿಯರು ಸಂಜೆಯಾದರೆ ಗೇರ್ ಸೈಕಲ್ಲುಗಳಲ್ಲಿ ಆ ದಿಬ್ಬವೇರಿ ಆಚೆಯ ಕೆರೆಯವರೆಗೆ ಹೋಗುತ್ತಿದ್ದರು. ಇಳಿದು ತಳ್ಳದೆ ಹತ್ತಿದವರಿಗೆ ಮಾತ್ರ ಆ ಗುಂಪಿನಲ್ಲಿ ಜಾಗ ಎಂಬುದು ಅಕ್ಕನ ಕಟ್ಟಪ್ಪಣೆ. ತಂಗಿಯ ಸೈಕಲ್ಲಿಗೆ ಗೇರೇ ಇರಲಿಲ್ಲ.

ಅಪ್ಪ ಬಸ್ ಚಾಲಕ. ರಜೆಯ ದಿನ ಬೆಳಗ್ಗೆಯೇ ಹೊಸ ಹಿಂಚಕ್ರ, ಅದರ ಮಗ್ಗುಲಿಗೆ ಮೆಟ್ಟಿಲಿನಂತೆ ಜೋಡಿಸಿದ ಹಲ್ಲುಚಕ್ರಗಳು, ಹೊಸ ಚೈನು, ಹ್ಯಾಂಡಲ್ಲಿಗೆ ಕೂರಿಸುವ ಗೇರಿನ ಹಿಡಿ, ಎಲ್ಲವನ್ನೂ ಹಳೆಯ ಹೊದಿಕೆಯ ಮೇಲೆ ಹರಡಿಕೊಂಡು ಕುಳಿತ.

"ರಜಾ ದಿನಾನಾದ್ರೂ ನಿಮ್ ಕೈಗೆ ಗ್ರೀಸ್ ಅಂಟಲ್ಲ ಅಂದ್ಕೊಂಡಿದ್ದೆ," ಎಂದಳು ಅಮ್ಮ.

"ಅದು ಡಿಪೋ ಗ್ರೀಸು, ಇದು ಮಗಳ ಗ್ರೀಸು ಕಣೆ. ಘಮಾನೇ ಬೇರೆ!"

ತಂಗಿ ತಿಂಡಿಯನ್ನು ಅರ್ಧಕ್ಕೇ ಬಿಟ್ಟು ಓಡಿಬಂದಳು. ತುಕ್ಕು ತಿಕ್ಕಿದಳು, ನಟ್ಟು ಹೆಕ್ಕಿಕೊಟ್ಟಳು, ಅಪ್ಪ ಗೇರಿನ ತಂತಿ ಎಳೆದು ಬಿಗಿಯುವಾಗ ಸೈಕಲ್ಲನ್ನು ಅಲುಗದಂತೆ ಹಿಡಿದಳು. ಮಧ್ಯಾಹ್ನಕ್ಕೆ ಸೈಕಲ್ಲು ಸಿದ್ಧವಾಯಿತು. ಅಪ್ಪ ಗಂಭೀರವಾಗಿ ಪಾಠ ಶುರುಮಾಡಿದ.

"ಮೊದ್ಲು ಕಾಲು ನಿಲ್ಸು. ಆಮೇಲೆ ಗೇರ್ ಹಾಕು. ಆಮೇಲೆ ತುಳಿ. ನಿಮ್ಮಪ್ಪ ಇಷ್ಟು ವರ್ಷ ಗಾಡಿ ಓಡ್ಸಿರೋದು ಹೀಗೇ."

ಅವಳು ಚಾಚೂ ತಪ್ಪದೆ ಪಾಲಿಸಿದಳು. ಕಾಲು ನಿಲ್ಲಿಸಿ ಹಿಡಿ ತಿರುಗಿಸಿದಳು, ಚೈನು ಕದಲಲಿಲ್ಲ. ತುಳಿದೊಡನೆ ಕಟಕಟನೆ ಹಾರಿ ಕಳಚಿಬಿತ್ತು. ಮತ್ತೆ ಸಿಕ್ಕಿಸಿದರು, ಮತ್ತೆ ಬಿತ್ತು.

"ಅಪ್ಪಾ, ಇದೇನು ಸೈಕಲ್ಲಾ, ಸ್ಟಾಪಿಗೊಂದ್ಸಲ ನಿಲ್ಲೋ ಬಸ್ಸಾ?" ಅಕ್ಕ ಗೇಟಿನಿಂದ ಕೆಣಕಿದಳು.

"ಸಾಮಾನೇ ಸರಿ ಇಲ್ಲ. ಬಿಚ್ಚಿ ವಾಪಸ್ ಕೊಟ್ಬಿಡ್ತೀನಿ, ಹಳೇ ಚಕ್ರಾನೇ ಇರ್ಲಿ," ಎಂದು ಅಪ್ಪ ಸ್ಪ್ಯಾನರಿಗೆ ಕೈಹಾಕಿದ.

"ಬೇಡಪ್ಪಾ! ಒಂದೇ ಒಂದ್ಸಲ ದಿಬ್ಬದ ಹತ್ರ ನೋಡ್ತೀನಿ, ಪ್ಲೀಸ್!"

ಸಂಜೆ ಅಕ್ಕನ ಗುಂಪು ಮುಂದೆ, ತಂಗಿ ಹಿಂದೆ, ಅವಳ ಹಿಂದೆ ಅಪ್ಪನ ಓಟ. ಅರ್ಧ ಏರಿದೊಡನೆ ಪೆಡಲು ಕಲ್ಲಿನಂತಾಯಿತು. ಸೈಕಲ್ಲು ಓಲಾಡತೊಡಗಿತು.

"ಕಾಲು ನಿಲ್ಸು ಪುಟ್ಟೀ! ನಿಲ್ಸಿ ಗೇರ್ ಹಾಕು!"

ಕಾಲು ನಿಲ್ಲಿಸಿದರೆ ಹಿಂದಕ್ಕೆ ಜಾರುವುದು ಖಂಡಿತ. ಜಾರಿದರೆ ಕೆರೆಯೂ ಇಲ್ಲ, ಗುಂಪೂ ಇಲ್ಲ. ಅವಳು ಹಲ್ಲು ಕಚ್ಚಿ ತುಳಿಯುತ್ತಲೇ ಹಿಡಿಯನ್ನು ತಿರುಗಿಸಿದಳು. ಕರಕ್ ಎಂದು ಚೈನು ಪಕ್ಕದ ದೊಡ್ಡ ಹಲ್ಲುಚಕ್ರವನ್ನೇರಿ ಕುಳಿತಿತು! ಕಾಲು ಹಗುರಾಯಿತು. ಇನ್ನೊಮ್ಮೆ ತಿರುಗಿಸಿದಳು, ಇನ್ನಷ್ಟು ಹಗುರು. ಬಿರುಬಿರನೆ ತುಳಿಯುತ್ತ ದಿಬ್ಬವನ್ನು ನುಂಗಿಕೊಂಡು ಮೇಲೇರಿದಳು.

ಅಪ್ಪ ನಡುದಾರಿಯಲ್ಲೇ ಹಣೆ ಚಚ್ಚಿಕೊಂಡ. "ಅಯ್ಯೋ, ತುಳೀತಾನೇ ಹಾಕ್ಬೇಕಿತ್ತಾ! ಮಗೂಗೆ ಇಷ್ಟೊತ್ತೂ ಬಸ್ ಓಡ್ಸೋದು ಹೇಳ್ಕೊಟ್ನಲ್ಲಪ್ಪಾ!"

ಮೇಲೆ ಅಕ್ಕ ಒಂದು ಕಾಲೂರಿ ನಿಂತಿದ್ದಳು. ನಗು ತಡೆದುಕೊಂಡು, "ಬಾರೇ ಬೇಗ, ಕತ್ತಲಾದ್ರೆ ಅಮ್ಮ ಬೈತಾರೆ. ನಿಂಗೋಸ್ಕರ ಯಾರೂ ಕಾಯಲ್ಲ," ಎಂದಳು.

"ಕೆರೆ ಹತ್ರ ನಿಮಗೋಸ್ಕರ ನಾನೇ ಕಾಯ್ತೀನಿ ಕಣೆ!" ಎಂದು ಕೂಗಿ ತಂಗಿ ಅವರೆಲ್ಲರನ್ನೂ ದಾಟಿ ಕೆರೆಯತ್ತ ಇಳಿಜಾರಿಗೆ ನುಗ್ಗಿದಳು.