ಗುಂಡುಕಲ್ಲಿನ ರಕ್ತ

ನನ್ನ ಕೈ ಕೆಟ್ಟಿದೆ ಎಂದು ನಮ್ಮ ಲ್ಯಾಬಿನ ಮೇಡಂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ನಾನು ಮಾಡಿದ ರಕ್ತಪರೀಕ್ಷೆಯ ಸ್ಟ್ರಿಪ್‌ಗಳನ್ನು ನೋಡಿ, ನಿಟ್ಟುಸಿರು ಬಿಟ್ಟು, ಕಸದ ಡಬ್ಬಿಗೆ ಹಾಕಿ, "ಇನ್ನೊಂದ್ಸಲ ಮಾಡಮ್ಮ" ಎನ್ನುತ್ತಿದ್ದರು. ಅದಕ್ಕೇ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಬೆರಳಗಲವೂ ಇಲ್ಲದ ಸ್ಟ್ರಿಪ್ಪಿನ ತುದಿಗೆ ಕಿಣ್ವದ ಹನಿ ಬಿಟ್ಟು ಒಣಗಿಸುವುದು ನನ್ನ ಕೆಲಸ. ಅದಕ್ಕೆ ರಕ್ತ ತಾಗಿಸಿದರೆ ಲ್ಯಾಕ್ಟೇಟ್ ಎಷ್ಟು, ಪೈರುವೇಟ್ ಎಷ್ಟು ಎಂದು ಮೀಟರ್ ಅಳೆದು, ಎರಡನ್ನೂ ತೂಗಿ ಒಂದು ಅಂಕಿ ತೋರಿಸುತ್ತದೆ. ಮೈಯ ಜೀವಕೋಶಗಳು ಉಸಿರನ್ನು ಸರಿಯಾಗಿ ಬಳಸುತ್ತಿದ್ದರೆ ಅಂಕಿ ಕೆಳಗಿರುತ್ತದೆ. ಒಳಗೊಳಗೇ ಸೋಲುತ್ತಿದ್ದರೆ ಮೇಲೇರುತ್ತದೆ. ಇದೇ ರೆಡಾಕ್ಸ್ ಸಮತೋಲನ ಎಂದು ಮೇಡಂ ಬಂದವರಿಗೆಲ್ಲ ವಿವರಿಸುತ್ತಾರೆ. ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ.

ಪ್ರತಿ ಬ್ಯಾಚಿನ ಕೊನೆಯ ಪರೀಕ್ಷೆ ಆರೋಗ್ಯವಂತರ ರಕ್ತದಲ್ಲಿ. ಮೇಡಂಗೆ ಸಕ್ಕರೆ ಕಾಯಿಲೆ. ಪಕ್ಕದ ಮೇಜಿನವನು ಸೂಜಿ ಕಂಡರೆ ಕುರ್ಚಿ ಹಿಡಿದುಕೊಳ್ಳುತ್ತಾನೆ. "ನಮ್ಮ ಗುಂಡುಕಲ್ಲು ಇರೋವಾಗ ಯಾಕೆ ಚಿಂತೆ?" ಎಂದು ಮೇಡಂ ಶುರುವಿನಿಂದಲೂ ನನ್ನ ಬೆರಳನ್ನೇ ಚುಚ್ಚುತ್ತಿದ್ದರು. ನೆಗಡಿಯೂ ಬಾರದ ಹೆಂಗಸು ಎಂಬ ಜಂಬ ನನಗೂ ಇತ್ತು.

ಇತ್ತೀಚೆಗೆ ಅಂಕಿ ಏರುತ್ತಲೇ ಇತ್ತು. ಬಾಟಲಿಯ ಪರೀಕ್ಷಾ ದ್ರಾವಣ ಹಾಕಿದರೆ ಸರಿ, ರಕ್ತ ಹಾಕಿದರೆ ತಪ್ಪು. ಕಿಣ್ವದ ಪದರ ರಕ್ತಕ್ಕೆ ತಾಳುತ್ತಿಲ್ಲ, ಹನಿ ಸಮವಾಗಿ ಬೀಳುತ್ತಿಲ್ಲ ಎಂದು ಎಲ್ಲರೂ ತೀರ್ಮಾನಿಸಿದರು. ನಾನೂ ಅದನ್ನೇ ನಂಬಿದೆ. ಈ ಸಲವೂ ಕೆಟ್ಟರೆ ಹನಿ ಬಿಡಲು ಯಂತ್ರ ಬರುತ್ತದೆ, ನಾನು ಮನೆಗೆ ಹೋಗಬೇಕಾಗುತ್ತದೆ ಎಂದು ಮೇಡಂ ನೆಲ ನೋಡುತ್ತ ಹೇಳಿದ್ದರು.

ಮಾಡಿದ್ದನ್ನೇ ಮಾಡಿ ಹೈರಾಣಾಗಿದ್ದೆ. ಮೆಟ್ಟಿಲ ನಡುವೆ, ಕಿಟಕಿ ನೋಡುವ ನೆಪದಲ್ಲಿ ನಿಂತು ಸುಧಾರಿಸಿಕೊಳ್ಳುತ್ತಿದ್ದೆ. ತಲೆ ಬಾಚಲೂ ತೋಳು ಸೋಲುತ್ತಿತ್ತು.

"ಒಂದ್ಸಲ ಡಾಕ್ಟರಿಗೆ ತೋರಿಸ್ಕೊಳ್ಳೇ" ಎಂದು ಅಕ್ಕ ದಿನಾ ಪ್ರಾಣ ತಿನ್ನುತ್ತಿದ್ದಳು.

"ಇಲ್ಲಿ ಕೆಲಸ ಹೋಗೋ ಹಾಗಿದೆ, ನಿಂದೊಂದು! ಬ್ಯಾಚ್ ಸರಿಹೋದ್ರೆ ನಾನೂ ಸರಿಹೋಗ್ತೀನಿ" ಎಂದು ಬಾಯಿ ಮುಚ್ಚಿಸುತ್ತಿದ್ದೆ.

ಆ ದಿನ ಊಟದ ಡಬ್ಬಿ ಮರೆತು ಬಂದಿದ್ದೆ. ಅಕ್ಕ ಅದನ್ನು ಹಿಡಿದು, ನನ್ನನ್ನು ಬೈಯುತ್ತಲೇ ಮಹಡಿ ಹತ್ತಿ ಬಂದಳು. ಹೊಸ ಬ್ಯಾಚಿನ ಅಂಕಿ ಆಗಷ್ಟೇ ಬಂದಿತ್ತು, ಹಿಂದಿನದಕ್ಕಿಂತಲೂ ಮೇಲೆ. ಮೇಡಂ ಸ್ಟ್ರಿಪ್‌ಗಳನ್ನು ಕಸದ ಕಡೆ ಸರಿಸಿದರು. ನನಗೆ ತಲೆ ಕೆಟ್ಟುಹೋಯಿತು.

"ಎಸೀಬೇಡಿ! ಅಕ್ಕಾ, ಬೆರಳು ಕೊಡೇ ಇಲ್ಲಿ. ಇವಳ ರಕ್ತದಲ್ಲೂ ತಪ್ಪು ಬಂದ್ರೆ ನಾನೇ ಎಸೆದು ಹೋಗ್ತೀನಿ."

"ಅಯ್ಯೋ, ಊಟ ತಂದಿದ್ದಕ್ಕೆ ಇದಾ ಬಹುಮಾನ?" ಎನ್ನುತ್ತಲೇ ಅಕ್ಕ ಬೆರಳು ಕೊಟ್ಟಳು.

ಅಂಕಿ ಕೆಳಗೆ, ಇರಬೇಕಾದ ಕಡೆಯೇ ನಿಂತಿತು. ಮೇಡಂ ಇನ್ನೊಂದು ಸ್ಟ್ರಿಪ್ ಹಾಕಿದರು. ಮತ್ತೆ ಅದೇ. ಪಕ್ಕದ ಮೇಜಿನವನೂ ಕಣ್ಣು ಬಿಗಿಯಾಗಿ ಮುಚ್ಚಿ ಕೈ ಚಾಚಿದ. ಅವನದೂ ಸರಿಯಾಗಿತ್ತು.

"ನೋಡಿದ್ರಾ! ನನ್ನ ಕೈ ಕೆಟ್ಟಿಲ್ಲ!" ಎಂದು ಕೂಗಿಬಿಟ್ಟೆ. ಎದೆಯ ಮೇಲಿನ ಭಾರ ಇಳಿದು ಅಳು ಬರುವಷ್ಟು ಖುಷಿಯಾಗಿತ್ತು. ಚಿನ್ನದಂಥ ಮಾಲನ್ನೆಲ್ಲ ಕಸಕ್ಕೆ ಸುರಿದಿರಲ್ಲ, ಯಾರು ಕೊಡುತ್ತಾರೆ ಅದನ್ನು ವಾಪಸ್ಸು, ಎಂದು ಬಾಯಿಗೆ ಬಂದಂತೆ ಬಡಬಡಿಸಿದೆ. ಯಾರೂ ನಗಲಿಲ್ಲ.

ಮೇಡಂ ಕನ್ನಡಕ ತೆಗೆದರು. "ಹೌದು ಕಣಮ್ಮ. ನಿನ್ನ ಕೈ ಸರಿಯಾಗೇ ಇದೆ. ಸ್ಟ್ರಿಪ್ಪೂ ಸರಿಯಾಗೇ ಇತ್ತು, ಇಷ್ಟು ದಿನಾನೂ."

"ಹಾಗಾದ್ರೆ ಇವಳದ್ಯಾಕೆ ಮೇಲಿದೆ?" ಎಂದಳು ಅಕ್ಕ.

ಮೇಡಂ ಒಂದು ಕುರ್ಚಿ ಎಳೆದು ನನ್ನ ಹಿಂದೆ ಇಟ್ಟು, "ಕೂತ್ಕೋ" ಎಂದರು. ಗುಂಡುಕಲ್ಲು ಎಂದು ಕರೆಯಲಿಲ್ಲ. ಆಗ ನನಗೆ ನಿಜಕ್ಕೂ ಭಯವಾಯಿತು.

ಕೂತೆ. ಅಕ್ಕ ಬೈಯಲಿ ಎಂದು ಕಾದೆ. ಅವಳು ಊಟದ ಡಬ್ಬಿಯನ್ನು ಎದೆಗವಚಿಕೊಂಡು ನಿಂತಿದ್ದಳು.

"ಅಕ್ಕಾ, ನಂಗೆ ತುಂಬ ಸುಸ್ತು ಕಣೇ" ಎಂದೆ.