ಹೊಸ ಸೈಲೆನ್ಸರ್ ಹಾಕಿದ ಭಾನುವಾರ

ಕನ್ನಡಕದ ಅಂಗಡಿಯವನು ಆ ಕಾರನ್ನು ಕೊಳ್ಳುವಾಗ ಹೆಂಡತಿಯ ಮುಂದೆ ಇಟ್ಟದ್ದು ಒಂದೇ ವಾದ: ಇದಕ್ಕೆ ನಾಲ್ಕು ಬಾಗಿಲುಗಳಿವೆ, ಆದ್ದರಿಂದ ಇದು ಸಂಸಾರಸ್ಥರ ಕಾರು. ನಿಜಕ್ಕೂ ಅದು ಓಟದ ಇಂಜಿನ್ನಿಗೆ ಗೃಹಸ್ಥನ ಅಂಗಿ ತೊಡಿಸಿದಂತಹ ಗಾಡಿ. ದರ್ಜಿ ಕೆಲಸದ ಹೆಂಡತಿ ಬಟ್ಟೆಯ ಗುಣ ನೋಡುವವಳಂತೆ ಅದರ ಸುತ್ತ ಒಂದು ಸಲ ನಡೆದು, "ಬಾಗಿಲೇನೋ ನಾಲ್ಕಿವೆ, ಬುದ್ಧಿ ಮಾತ್ರ ಎರಡು ಬಾಗಿಲಿನ ರೇಸ್ ಕಾರಿಂದು" ಎಂದಿದ್ದಳು. ಬೇಡ ಎನ್ನಲಿಲ್ಲ. ದಿನವಿಡೀ ಪರರ ಕಣ್ಣಿಗೆ ಗಾಜು ಬದಲಿಸುತ್ತ "ಈಗ ಕಾಣುತ್ತಾ, ಈಗ?" ಎಂದು ಕೇಳುವ ಮನುಷ್ಯನಿಗೆ ತನ್ನದೇ ಆದ ಒಂದು ಹುಚ್ಚು ಇರಲಿ ಎಂದುಕೊಂಡಳು.

ಹುಚ್ಚು ಅಲ್ಲಿಗೇ ನಿಲ್ಲಲಿಲ್ಲ. ಕಾರಿನ ಜೊತೆ ಬಂದ ಸೈಲೆನ್ಸರ್ ಇಂಜಿನ್ನಿನ ಗಂಟಲು ಹಿಸುಕುತ್ತಿದೆ ಎಂದು ಅವನಿಗೆ ಅನ್ನಿಸತೊಡಗಿತು. ಬೇರೆ ತಯಾರಕರದೊಂದು ಸೈಲೆನ್ಸರನ್ನು ಪೂರ್ತಿ ಪೈಪಿನ ಸಮೇತ ತರಿಸಿದ. ಹಳೆಯದರ ನಡುವೆ ಹೊಗೆಯನ್ನು ಶುದ್ಧ ಮಾಡುವ ಡಬ್ಬವೊಂದಿತ್ತು. ಹೊಸದರಲ್ಲಿ ಅದಿಲ್ಲ, ನೇರ ಕೊಳವೆ. ಹಾಕಲು ಇನ್ನೊಬ್ಬರ ಕೈ ಬೇಕಿತ್ತು. ಅತ್ತೆ ಮಾವ ವಾರದ ಮಟ್ಟಿಗೆ ಮನೆಗೆ ಬಂದಿದ್ದರಿಂದ ಮಾವನನ್ನೇ ಕೇಳಿದ.

ಮಾವ ಬಸ್ ಓಡಿಸಿ ನಿವೃತ್ತರಾದವರು. ಅವರ ಮತ್ತು ಅಳಿಯನ ನಡುವಿನ ಮಾತು ಮದುವೆಯಾದಾಗಿನಿಂದ "ಊಟ ಆಯ್ತಾ?" "ಆಯ್ತು" ಎಂಬುದನ್ನು ದಾಟಿರಲಿಲ್ಲ. ಆ ಭಾನುವಾರ ಬೆಳಿಗ್ಗೆ ಮನೆಮುಂದಿನ ಶೆಡ್ಡಿನಲ್ಲಿ ಕಾರನ್ನು ಜ್ಯಾಕಿನಿಂದ ಎತ್ತಿ, ಕೆಳಗೆ ಗಟ್ಟಿ ಆಧಾರ ಕೊಟ್ಟು, ಇಬ್ಬರೂ ಹಳೆಯ ಚಾಪೆಯ ಮೇಲೆ ಅಂಗಾತ ಮಲಗಿ ಅದರಡಿ ನುಸುಳಿದರು. ತುಕ್ಕು ಹಿಡಿದ ಬೋಲ್ಟುಗಳು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಎಣ್ಣೆ ಬಿಟ್ಟು ಕಾದರು. ಕಾಯುವಾಗ ಮಾವ ಬಸ್ಸಿನ ಕಥೆ ತೆಗೆದರು: ಘಾಟಿಯಲ್ಲಿ ಬ್ರೇಕ್ ಹೋದದ್ದು, ಮದುವೆ ದಿಬ್ಬಣವೊಂದು ಮದುಮಗನನ್ನೇ ಬಿಟ್ಟು ಹತ್ತಿದ್ದು. ಅಳಿಯ ನಕ್ಕು ನಕ್ಕು ಕಣ್ಣಿಗೆ ತುಕ್ಕಿನ ಪುಡಿ ಬೀಳಿಸಿಕೊಂಡ. ಪೈಪನ್ನು ತೂಗುಹಾಕಿದ ರಬ್ಬರುಗಳಿಗೆ ಸೋಪುನೀರು ಹಚ್ಚಿದರೆ ಸಲೀಸಾಗಿ ಜಾರುತ್ತವೆ ಎಂದು ಮಾವ ತೋರಿಸಿಕೊಟ್ಟರು. ಮಧ್ಯಾಹ್ನದೊಳಗೆ ಹೊಸ ಪೈಪು ಏರಿ ಕೂತಿತ್ತು.

ಸ್ಟಾರ್ಟ್ ಮಾಡಿದಾಗ ಶೆಡ್ಡಿನ ತಗಡು ಗಡಗಡ ನಡುಗಿತು. ಎದುರುಮನೆಯ ಮಾಳಿಗೆಯ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದವು. ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡು ಹೊರಗೆ ಬಂದು, ಸೈಲೆನ್ಸರ್ ಅಂದರೆ ಸದ್ದಡಗಿಸುವುದು ಅಂದುಕೊಂಡಿದ್ದೆ, ನನ್ನ ತಿಳಿವಳಿಕೆಯೇ ತಪ್ಪಿರಬೇಕು ಎಂದರು. ಗಂಡಸರಿಬ್ಬರೂ ಪರೀಕ್ಷೆ ಪಾಸಾದ ಹುಡುಗರಂತೆ ಮುಖ ಮುಖ ನೋಡಿಕೊಂಡರು.

ಮಧ್ಯಾಹ್ನ ಅತ್ತೆಯ ತಂಗಿಯ ಮನೆಗೆ ಹೋಗುವುದಿತ್ತು, ಒಂದು ಗಂಟೆಯ ದಾರಿ. ಹಳೆಯ ಪೈಪನ್ನು ಶೆಡ್ಡಿನಲ್ಲೇ ಬಿಡೋಣ ಎಂದ ಅಳಿಯ. ದಾರಿಯಲ್ಲೇ ಗುಜರಿ ಅಂಗಡಿಯಿದೆ, ಎಸೆದು ಹೋದರಾಯಿತು, ಮನೆಯಲ್ಲಿ ಕಸ ಯಾಕೆ ಎಂದರು ಮಾವ. ಪೈಪು ಉದ್ದ. ಹಿಂದಿನ ಸೀಟಿನ ಬೆನ್ನಿನ ನಡುಭಾಗವನ್ನು ಮಡಚಿ ಅದರ ಮೂತಿಯನ್ನು ಒಳಗೆ ತೂರಿಸಿದರು. ಬಾಲ ಡಿಕ್ಕಿಯಿಂದ ಹೊರಗೆ ಚಾಚಿತ್ತು. ಮುಚ್ಚದ ಡಿಕ್ಕಿಯನ್ನು ಮಾವ ಹಗ್ಗದಿಂದ ಬಿಗಿದು ಕಟ್ಟಿದರು. ಅಮ್ಮ ಮಗಳು ಹಳೆಯ ಬೆಡ್‌ಶೀಟು ಸುತ್ತಿದ ಪೈಪನ್ನು ನಡುವೆ ಇಟ್ಟುಕೊಂಡು ಆಚೀಚೆ ಕೂತರು.

ಗುಜರಿ ಅಂಗಡಿಗೆ ಭಾನುವಾರದ ಬೀಗ ಬಿದ್ದಿತ್ತು. ಬರುವಾಗ ನೋಡೋಣ ಎಂದು ಹಾಗೆಯೇ ಮುಂದೆ ಹೋದರು.

ಚಳಿಯಿತ್ತು. ಹಿಂದಿನ ಕಿಟಕಿಗಳನ್ನು ಏರಿಸಿದ್ದರು. ಪ್ರಯಾಣದಲ್ಲಿ ಹೊಟ್ಟೆ ತೊಳಸುವ ಅತ್ತೆ ಮಾತ್ರ ತಮ್ಮ ಕಡೆಯದನ್ನು ಬೆರಳು ತೂರುವಷ್ಟು ಬಿಟ್ಟುಕೊಂಡಿದ್ದರು. ಮುಂದಿನವೆರಡೂ ಅರ್ಧ ಇಳಿದಿದ್ದವು, ಸದ್ದು ಕೇಳಬೇಕಲ್ಲ. ಏನೋ ವಾಸನೆ ಎಂದಳು ಹೆಂಡತಿ. ಹೊಸ ಪೈಪಿನ ಎಣ್ಣೆ ಸುಡುತ್ತಿದೆ, ಮೊದಲ ದಿನ ಹಾಗೇ ಎಂದರು ಮಾವ. ಅದು ಸುಳ್ಳೂ ಅಲ್ಲ. ಊರು ದಾಟಿ ದಾರಿ ತೆರವಾದಾಗ ಅಳಿಯ ವೇಗ ಹೆಚ್ಚಿಸಿದ. ಇಂಜಿನ್ನಿನ ದನಿ ಎದೆಗೂಡಿನೊಳಗೆ ಸಣ್ಣಗೆ ಗುದ್ದಿದಂತಾಗುತ್ತಿತ್ತು. ಮಾವ ಇಂಥದ್ದೇ ಸದ್ದಿನ ಒಂದು ಬಸ್ಸಿನ ವಿಷಯ ಕೂಗಿ ಕೂಗಿ ಹೇಳಿದರು, ಅಳಿಯ ಅರ್ಧ ಕೇಳಿಸಿಕೊಂಡು ಪೂರ್ತಿ ನಕ್ಕ. ನಡುವೆ ಯಾವಾಗಲೋ ಹೆಂಡತಿ ಹಿಂದಿನಿಂದ ಅವನ ಭುಜ ತಟ್ಟಿ ಏನೋ ಅಂದಳು. ಅವನು ಕನ್ನಡಿಯಲ್ಲಿ ನೋಡಿ ಹೆಬ್ಬೆರಳು ಎತ್ತಿ ತೋರಿಸಿ, ಅವಳಿಗಾಗಿಯೇ ಎಂಬಂತೆ ಆಕ್ಸಿಲರೇಟರನ್ನು ಇನ್ನಷ್ಟು ಒತ್ತಿದ. ಸ್ವಲ್ಪ ಹೊತ್ತಿನ ಮೇಲೆ ಮಾವ ಹಿಂದೆ ತಿರುಗಿ, "ನೋಡಿ ಅಳಿಯಂದ್ರೆ, ನಾನು ಜೀವಮಾನದಲ್ಲಿ ಮಾಡಕ್ಕಾಗದ್ದು ನಿಮ್ಮ ಪೈಪು ಮಾಡ್ತು. ನಿಮ್ಮತ್ತೆ ಬಾಯಿ ಮುಚ್ಚಿದಾರೆ" ಎಂದರು. ಇಬ್ಬರೂ ಮನಸಾರೆ ನಕ್ಕರು.

ರಸ್ತೆಯ ಉಬ್ಬೊಂದರ ಮೇಲೆ ಕಾರು ಕುಲುಕಿದಾಗ ಅಳಿಯ ಅಭ್ಯಾಸಬಲದಿಂದ ಕನ್ನಡಿ ನೋಡಿದ. ಹೆಂಡತಿಯ ತಲೆ ಕಿಟಕಿಗೆ ಒರಗಿತ್ತು. ಹಣೆ ಗಾಜಿಗೆ ಟಪ್ಪನೆ ಬಡಿಯಿತು. ಅವಳು ಕಣ್ಣು ತೆರೆಯಲಿಲ್ಲ. ಮುಂದಿನ ಹಳ್ಳಕ್ಕೆ ಇನ್ನೂ ಜೋರಾಗಿ ಬಡಿಯಿತು. ಹುಬ್ಬು ಕೂಡ ಗಂಟಿಕ್ಕಲಿಲ್ಲ. ಹೆಸರು ಹಿಡಿದು ಕೂಗಿದ. ಅತ್ತೆಯ ಕಡೆ ನೋಡಿದರೆ ಅವರ ಗಲ್ಲ ಎದೆಗೆ ಇಳಿದಿತ್ತು, ಬಾಯಿಯ ಮೂಲೆಯಿಂದ ಜೊಲ್ಲು.

ಕಾರನ್ನು ಹೇಗೆ ನಿಲ್ಲಿಸಿದನೋ ಆಮೇಲೆ ಅವನಿಗೆ ನೆನಪಾಗಲಿಲ್ಲ. ಬಾಗಿಲು ತೆಗೆದ ಕೂಡಲೇ ಹೆಂಡತಿ ಅವನ ತೋಳಿಗೆ ನೆನೆದ ಬಟ್ಟೆಯ ಗಂಟಿನಂತೆ ಜಾರಿದಳು. ರಸ್ತೆ ಬದಿಯ ಹುಲ್ಲಿನ ಮೇಲೆ ಎಳೆದು ಮಲಗಿಸಿದ. ಮಾವ ಅತ್ತೆಯನ್ನು ಕಂಕುಳಿಗೆ ಕೈಕೊಟ್ಟು ಇಳಿಸಿದರು. ಅತ್ತೆ ನರಳಿದರು, ನರಳಾಟವಾದರೂ ಇತ್ತು. ಹೆಂಡತಿಯ ಕಡೆಯಿಂದ ಅದೂ ಇಲ್ಲ. ಮೂಗಿನ ಹತ್ತಿರ ಬೆರಳು ಹಿಡಿದರೆ ತಾಕುತ್ತಿರುವುದು ಉಸಿರೋ, ರಸ್ತೆಯ ಗಾಳಿಯೋ ಗೊತ್ತಾಗಲಿಲ್ಲ.

ಕಾರು ಇನ್ನೂ ಸ್ಟಾರ್ಟಿನಲ್ಲೇ ಇತ್ತು, ತಗ್ಗಿದ ದನಿಯಲ್ಲಿ ಗುಡುಗುಡು ಎನ್ನುತ್ತ. ಮಾವ ಅದರ ಹಿಂಭಾಗದ ಕಡೆ ನೋಡುತ್ತ ನಿಂತುಬಿಟ್ಟರು. ಹೊಸ ಪೈಪಿನ ಬಾಯಿಂದ ಹೊರಟ ತೆಳು ಹೊಗೆ ನೇರ ಡಿಕ್ಕಿಯ ಸಂದಿಗೆ ಏರುತ್ತಿತ್ತು.

"ಹೊಗೆ" ಎಂದರು. "ಬಸ್ಸಿನ ಹಿಂದಿನ ಗಾಜು ಒಡೆದಿದ್ರೆ ನಾನು ಗಾಡಿ ಹೊರಗೆ ತೆಗೀತಾ ಇರ್ಲಿಲ್ಲ. ಓಡೋವಾಗ ಹೊಗೆ ಒಳಗೇ ಎಳ್ಕೊಳ್ಳುತ್ತೆ. ನನಗೆ ಗೊತ್ತಿತ್ತು." ಮತ್ತೆ ಅದನ್ನೇ ಹೇಳಿದರು, ನನಗೆ ಗೊತ್ತಿತ್ತು ಎಂದು.

ತರಕಾರಿಯ ಬುಟ್ಟಿಗಳನ್ನಿಳಿಸಿ ಹಿಂತಿರುಗುತ್ತಿದ್ದ ವ್ಯಾನೊಂದು ನಿಂತಿತು. ಅದರ ಡ್ರೈವರ್ ಏನು ಎತ್ತ ಎಂದು ಕೇಳದೆ ಹಿಂಬದಿಯ ಹಲಗೆ ಇಳಿಸಿದ. ತೆರೆದ ವ್ಯಾನಿನಲ್ಲಿ ಗಾಳಿಗೆ ಮುಖವೊಡ್ಡಿ ಇಬ್ಬರನ್ನೂ ಮಲಗಿಸಿಕೊಂಡು ಆಸ್ಪತ್ರೆಗೆ ಹೋದರು. ದಾರಿಯಲ್ಲಿ ಅತ್ತೆ ವಾಂತಿ ಮಾಡಿಕೊಂಡು ಕಣ್ಣು ಬಿಟ್ಟರು. ಮಗಳು ಕಣ್ಣು ಬಿಡಲಿಲ್ಲ.

ಆಸ್ಪತ್ರೆಯ ವೈದ್ಯೆ ನಡೆದದ್ದನ್ನು ಕೇಳಿ, ಗಾಡಿಯ ಡಿಕ್ಕಿ ತೆರೆದಿತ್ತೇ ಎಂದು ಮಾತ್ರ ವಿಚಾರಿಸಿದರು. ಹೌದು ಎಂದ ಮೇಲೆ ಬೇರೇನೂ ಕೇಳಲಿಲ್ಲ, ಆಮ್ಲಜನಕದ ಮುಖವಾಡ ಹಾಕಿಸಿ ರಕ್ತ ತೆಗೆಸಿದರು. ಹೊಗೆಯಲ್ಲಿರುವ ಕಾರ್ಬನ್ ಮೋನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವಿಲ್ಲ, ತನ್ನದೇ ವಾಸನೆಯೂ ಇಲ್ಲ. ಮುಂದೆ ಕಿಟಕಿ ತೆರೆದದ್ದರಿಂದ ಒಳಗೆ ಎಳೆಯುವುದು ಇನ್ನೂ ಹೆಚ್ಚಾಗಿರುತ್ತದೆ, ಹಿಂದೆ ಕೂತವರಿಗೇ ಮೊದಲ ಪೆಟ್ಟು ಎಂದು ಆಮೇಲೆ ತಿಳಿಸಿದರು. ಅಳಿಯ ತಲೆಯಾಡಿಸುತ್ತಲೇ ಇದ್ದ, ಒಂದೂ ತಲೆಗೆ ಹೋಗಲಿಲ್ಲ. ಅವನ ಕಣ್ಣ ಮುಂದೆ ಗಾಜಿಗೆ ಬಡಿಯುವ ಹಣೆಯೊಂದೇ ಇತ್ತು. ಮಾವ ಪಡಸಾಲೆಯ ಬೆಂಚಿನ ತುದಿಯಲ್ಲಿ ಕೂತಿದ್ದರು, ಎರಡು ಕೈಗಳೂ ಮುಂದೆ ಚಾಚಿ, ಇಲ್ಲದ ಸ್ಟೇರಿಂಗ್ ಹಿಡಿದಂತೆ. ಕಾಫಿ ತಂದುಕೊಟ್ಟರೆ ಲೋಟ ಹಿಡಿಯಲು ಆ ಬೆರಳುಗಳು ಬಿಚ್ಚಿಕೊಳ್ಳಲಿಲ್ಲ.

ಸಂಜೆಯ ಹೊತ್ತಿಗೆ ಹೆಂಡತಿಗೆ ಎಚ್ಚರವಾಯಿತು. ಅವಳು ಮೊದಲು ಅಮ್ಮನನ್ನು ಕೇಳಿದಳು, ಆಮೇಲೆ ನೀರು. ಹಣೆಯ ಬುಗುಟನ್ನು ಮುಟ್ಟಿ ನೋಡಿಕೊಂಡು ಇದೇನು ಎಂದಳು. ಅವನು ಹೇಳಿದ. ತುಸು ಹೊತ್ತು ಸೂರು ನೋಡುತ್ತಿದ್ದವಳು ಯಾವುದೋ ಕಳೆದ ಗುಂಡಿ ಸಿಕ್ಕಿತೆಂಬಂತೆ ಅವನ ಕಡೆ ತಿರುಗಿದಳು.

"ನಾನು ನಿಮ್ಮನ್ನ ಕರೆದೆ ಅಲ್ವಾ?"

"ಭುಜ ತಟ್ಟಿದೆ. ಏನಂದೆ ಅಂತ ಕೇಳಿಸ್ಲಿಲ್ಲ."

"ತಲೆ ಸುತ್ತುತ್ತಾ ಇದೆ, ಕಾರು ನಿಲ್ಸಿ ಅಂದೆ." ಸ್ವಲ್ಪ ಯೋಚಿಸಿದಳು. "ನೀವು ಹೆಬ್ಬೆರಳು ತೋರಿಸಿದ್ರಿ."

ದನಿಯಲ್ಲಿ ಸಿಟ್ಟಿರಲಿಲ್ಲ. ನಡೆದದ್ದು ಹೀಗೇ ಅಲ್ಲವೇ ಎಂದು ಖಚಿತ ಮಾಡಿಕೊಳ್ಳುತ್ತಿದ್ದಳು, ಅಷ್ಟೇ. ಬೈದಿದ್ದರೆ, ಅತ್ತಿದ್ದರೆ ಅವನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಮಂಚದ ಕಬ್ಬಿಣದ ಸರಳನ್ನೇ ಹಿಡಿದು ನಿಂತ.

ಮರುದಿನ ಕಾರನ್ನು ಟೋ ಮಾಡಿಸಿ ಗ್ಯಾರೇಜಿಗೆ ಕಳಿಸಿದ. ಹಳೆಯ ಪೈಪು ಇನ್ನೂ ಡಿಕ್ಕಿಯಲ್ಲೇ ಇತ್ತು, ಅದನ್ನೇ ಮತ್ತೆ ಹಾಕಿಕೊಟ್ಟರು. ಹೊಸದನ್ನು ಏನು ಮಾಡಲಿ ಎಂದು ಮೆಕ್ಯಾನಿಕ್ ಕೇಳಿದಾಗ, ಯಾರಿಗೂ ಕೊಡಬೇಡಿ, ಕತ್ತರಿಸಿಬಿಡಿ ಎಂದ.

ಅತ್ತೆಗೆ ತಲೆನೋವು ಬೇಗ ಬಿಟ್ಟಿತು. ಮಾವನಿಗೆ ಏನು ಬಿಡಲಿಲ್ಲವೋ ಯಾರಿಗೂ ತಿಳಿಯಲಿಲ್ಲ. ಊರಿಗೆ ಹೊರಡುವಾಗ ಅಳಿಯನ ಮುಖ ನೋಡದೆ, ಹಗ್ಗ ಕಟ್ಟಿದ್ದು ನಾನು ಎಂದರು. ಒತ್ತಿದ್ದು ನಾನು ಎಂದ ಅಳಿಯ. ಅತ್ತೆಯೇ ಬೇಸತ್ತು, "ತಪ್ಪನ್ನ ಹಂಚ್ಕೊಳ್ಳೋದು ಆಮೇಲಾಗ್ಲಿ, ಈಗ ಆ ಚೀಲ ಯಾರಾದ್ರೂ ಎತ್ತಿ" ಎಂದರು. ಇಬ್ಬರೂ ಒಂದೇ ಚೀಲಕ್ಕೆ ಬಗ್ಗಿದರು.

ಹೆಂಡತಿ ಹೊಲಿಗೆ ಯಂತ್ರದ ಮುಂದೆ ಮತ್ತೆ ಕೂತಳಾದರೂ ಕೆಲವೊಮ್ಮೆ ಸೂಜಿಗೆ ದಾರ ಪೋಣಿಸುತ್ತ ನಡುವೆಯೇ ಕೈ ನಿಲ್ಲಿಸಿ, ಮುಂದೇನು ಎಂದು ಮರೆತವಳಂತೆ ಕೂರುತ್ತಿದ್ದಳು. ಇದು ತಾನಾಗಿ ಸರಿಹೋಗುತ್ತದೆ, ಆಗಾಗ ಬಂದು ತೋರಿಸಿ ಎಂದಿದ್ದರು ವೈದ್ಯೆ. ಆ ಕೈ ಮತ್ತೆ ಚಲಿಸುವವರೆಗೂ ಅವನು ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ.

ತೋರಿಸಲು ಹೊರಟ ದಿನ ಆಟೋದಲ್ಲಿ ಹೋಗೋಣ ಎಂದ. ಅವಳು ಬೇಡವೆಂದು ಕಾರಿನ ಮುಂದಿನ ಸೀಟಿನಲ್ಲಿ ಕೂತಳು. ಪೇಟೆಯ ಮಧ್ಯೆ ಅವಳು ಏನೋ ಅಂದಳು. ಪಕ್ಕದಲ್ಲಿ ಲಾರಿಯೊಂದು ಹಾರ್ನ್ ಹೊಡೆಯುತ್ತಿತ್ತು. ಅವನು ಕೂಡಲೇ ಕಾರನ್ನು ಬದಿಗೆ ತಂದು ನಿಲ್ಲಿಸಿ, ಇಂಜಿನ್ ಆರಿಸಿ, ಪೂರ್ತಿ ಅವಳ ಕಡೆಗೆ ತಿರುಗಿದ.

"ಏನಂದೆ?"

"ಏನಿಲ್ಲ ರೀ. ಆ ಚಪ್ಪಲಿ ಅಂಗಡಿಗೆ ಹೊಸ ಬಣ್ಣ ಹೊಡ್ದಿದಾರೆ ಅಂದೆ."

ಅವನು ಅಂಗಡಿಯ ಕಡೆ ನೋಡಿದ. ಹೌದು, ಹಸಿರು ಬಣ್ಣ, ಬಾಗಿಲಿನ ಒಂದು ಮಗ್ಗುಲು ಇನ್ನೂ ಬಾಕಿಯಿತ್ತು. ಚೆನ್ನಾಗಿದೆ ಎಂದ. ಕೀಲಿ ತಿರುಗಿಸಲು ಅವನ ಕೈಗೆ ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು. ಅವಳೂ ಅವಸರ ಮಾಡಲಿಲ್ಲ.