ಬಾವುಟ ಹಿಂದೆ ಬರುವವರದ್ದು

ನಿನ್ನ ಬುಟ್ಟು ಮುಂದಕ್ಕೆ ಹೋಗಲ್ಲ ಕಣೆ, ಇನ್ಯಾವತ್ತೂ ಹೋಗಲ್ಲ — ಚಾಮರಾಜಪುರಂ ರೈಲ್ವೆ ಗೇಟಿನ ಪಕ್ಕ ಮಂಡಿಯೂರಿ ಕೂತು ಮಗಳಿಗೆ ಕೊಟ್ಟ ಮಾತು, ಹದಿನೈದು ವರ್ಷದ ಹಿಂದಿನದು, ಅದು ಈಗ, ಈ ಏರು ರಸ್ತೆಯಲ್ಲಿ, ಉಸಿರು ಗಂಟಲಿಗೆ ಬಂದಿರುವಾಗ ಯಾಕೆ ನೆನಪಾಗಬೇಕು, ಹಿಂದಿನ ಹೆಜ್ಜೆಗಳಲ್ಲಿ ಒಂದು ಕಡಿಮೆಯಾದದ್ದಕ್ಕೇ ಇರಬೇಕು, ಇಪ್ಪತ್ತು ಜನರ ಬೂಟುಗಳ ಟಪಟಪದೊಳಗೆ ಮಗಳು ಮಿತ್ರಳ ಬಲಗಾಲಿನ ಸದ್ದೇ ಬೇರೆ, ಹಿಮ್ಮಡಿಯನ್ನು ನೆಲಕ್ಕೆ ಒರೆಸಿ ಎತ್ತುತ್ತಾಳೆ, ಚಿಕ್ಕವಳಿದ್ದಾಗಿನಿಂದ ಎಷ್ಟು ಜೊತೆ ಚಪ್ಪಲಿ ಹಾಗೇ ಸವೆಸಿದ್ದಾಳೆ, ಆ ಒರೆಸುವ ಸದ್ದು ಈಗ ಇಲ್ಲ, ಹೊಲಿಗೆ ಮೆಷೀನಿನ ಮುಂದೆ ಇಷ್ಟು ವರ್ಷ ಬೆನ್ನು ಬಗ್ಗಿಸಿದ ಬೆಟ್ಟಮ್ಮನಿಗೆ ಒಂದು ಹೊಲಿಗೆ ಹಾರಿದರೆ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ, ಹಾಗೇ ಗೊತ್ತಾಯಿತು. ತಿರುಗಬೇಡ, ಅಂದುಕೊಂಡಳು. ಬೆನ್ನಿಗೆ ಕಟ್ಟಿಕೊಂಡ ಕೋಲಿನ ತುದಿಯಲ್ಲಿ ಕಿತ್ತಳೆ ಬಾವುಟ ಪಟಪಟಿಸುತ್ತಿದೆ, ಅದರ ಮೇಲೆ ದೊಡ್ಡದಾಗಿ ಎರಡು ನಲವತ್ತೈದು ಎಂದು ಬರೆದಿದೆ, ಇಪ್ಪತ್ತೊಂದು ಕಿಲೋಮೀಟರನ್ನು ಎರಡು ಮುಕ್ಕಾಲು ಗಂಟೆಯಲ್ಲಿ ಮುಗಿಸಬೇಕು ಎಂದು ಹಟ ಹಿಡಿದು ಬಂದವರೆಲ್ಲ ಆ ಬಾವುಟಕ್ಕೆ ಕಣ್ಣು ನೆಟ್ಟು ಓಡುತ್ತಾರೆ, ಅದನ್ನು ಹೊತ್ತವಳು ಪೇಸರ್, ಅವಳು ಬೇಗ ಓಡುವ ಹಾಗಿಲ್ಲ, ನಿಧಾನ ಮಾಡುವ ಹಾಗೂ ಇಲ್ಲ, ಶುರುವಿನಿಂದ ಕೊನೆಯವರೆಗೂ ಒಂದೇ ನಡೆ, ಓಟಗಾರರ ಮಾತಿನಲ್ಲಿ ಹೇಳುವುದಾದರೆ ಅವಳು ಬಸ್ಸು, ಹಿಂದಿನವರೆಲ್ಲ ಪ್ರಯಾಣಿಕರು. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಿಗ್ಗೆ ಓಡುವ ಗುಂಪಿನ ಕ್ಯಾಪ್ಟನ್ ಚೈತನ್ಯ ಈ ಬಾವುಟ ಕೊಡುವಾಗ ಹೇಳಿದ್ದು ಇನ್ನೂ ಕಿವಿಯಲ್ಲಿದೆ, ಬೆಟ್ಟಮ್ಮೋರೆ, ಇದು ನಿಮ್ದಲ್ಲ ಕಣ್ರೀ, ಹಿಂದೆ ಬರೋರ್ದು, ನಿಮ್ ಸಮಾಚಾರ ಏನಿದ್ರೂ ಮನೇಲಿಟ್ಟು ಬನ್ನಿ. ಮನೆಯಲ್ಲಿಟ್ಟು ಬರುವುದಕ್ಕೆ ಸಮಾಚಾರವೇ ಬೂಟು ಹಾಕಿಕೊಂಡು ಹಿಂದೆ ಓಡಿ ಬರುತ್ತಿದೆಯಲ್ಲ.

ಆ ಮಾತು ಕೊಟ್ಟಾಗ ಹುಣಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಕೆಲಸ, ಗೇಟಿನಾಚೆ ವ್ಯಾನು ಬಂದು ನಿಲ್ಲುತ್ತಿತ್ತು, ಯಾರಿಗೂ ಕಾಯುತ್ತಿರಲಿಲ್ಲ, ಅವತ್ತು ಗಂಟೆ ಹೊಡೆದು ಗೇಟಿನ ಕಂಬಿ ಇಳಿಯುತ್ತಿತ್ತು, ಮಗಳ ಕೈ ಬಿಟ್ಟು ನುಗ್ಗಿದಳು, ಹಿಂದೆಯೇ ಬರುತ್ತಾಳೆ ಅಂದುಕೊಂಡಳು, ಬರಲಿಲ್ಲ, ಕಂಬಿ ಮಧ್ಯೆ ಬಂದುಬಿಟ್ಟಿತು, ಆಚೆ ಯುಕೆಜಿ ಮಗು ಈಚೆ ತಾಯಿ, ನಂಜನಗೂಡಿನ ಕಡೆ ಹೋಗುವ ರೈಲು, ಬೋಗಿಗೂ ಬೋಗಿಗೂ ನಡುವಿನ ಸಂದಿಯಲ್ಲಿ ಹಳದಿ ನೀರಿನ ಬಾಟಲಿ ಕಾಣುತ್ತದೆ, ಮರೆಯಾಗುತ್ತದೆ, ಮತ್ತೆ ಕಾಣುತ್ತದೆ, ಬಾಯಿ ದೊಡ್ಡದಾಗಿ ತೆರೆದಿದೆ, ಸದ್ದು ಮಾತ್ರ ಇಲ್ಲ, ಸದ್ದನ್ನೆಲ್ಲ ರೈಲೇ ನುಂಗಿದೆ. ನೀನು ಯಾವಾಗ್ಲೂ ಹಂಗೇ ಅಮ್ಮ, ನನ್ನ ಬುಟ್ಟು ಓಡೋಯ್ತೀಯ. ಇಲ್ಲ ಕಣೆ, ಇನ್ಯಾವತ್ತೂ ಹೋಗಲ್ಲ. ವ್ಯಾನು ಹೋಗಿತ್ತು. ಹೋಗಲಿ ಬಿಡು — ತಿರುಗಿದಳು, ತಿರುಗಿಯೇಬಿಟ್ಟಳು, ಚಾಮುಂಡಿ ಬೆಟ್ಟದ ಪಾದದ ಈ ಏರಿನಲ್ಲಿ ಎಲ್ಲರೂ ತಲೆ ತಗ್ಗಿಸಿ ಹತ್ತುತ್ತಿದ್ದಾರೆ, ಅವರ ಹಿಂದೆ, ಸಾಕಷ್ಟು ಹಿಂದೆ, ನೀಲಿ ಟೀ ಶರ್ಟಿನ ಮಿತ್ರಾ, ಕೆಂಪಗಾದ ಮುಖ, ಕೈಯೆತ್ತಿ ಮುಂದಕ್ಕೆ ನೂಕುವ ಹಾಗೆ ಸನ್ನೆ ಮಾಡುತ್ತಾಳೆ, ಹೋಗಮ್ಮ, ನನ್ನ ನೋಡ್ಬೇಡ, ಎಲ್ರೂ ನನ್ನೇ ನೋಡ್ತಾರೆ. ನೋಡುವುದಿಲ್ಲ ಅಂದುಕೊಂಡಳು, ಕಾಲು ಮಾತ್ರ ತಾನಾಗಿ ನಿಧಾನವಾಯಿತು, ಹೊಲಿಯುತ್ತ ಕೂತಾಗ ಯಾರೋ ಕರೆದರೆ ಪೆಡಲು ತಾನೇ ನಿಲ್ಲುವುದಿಲ್ಲವೇ ಹಾಗೆ. ಮೂರು ಗಂಟೆಯ ಬಾವುಟದ ಜೊತೆ ಬಾ ಅಂತ ಎಷ್ಟು ಹೇಳಿದ್ದಳು, ಮೊದಲನೇ ಸಲ ಕಣೆ, ಬಿ.ಕಾಂ ಪರೀಕ್ಷೆ ಬರೆದ ಹಾಗಲ್ಲ ಇದು, ಕೊನೇ ರಾತ್ರಿ ಓದಿದ್ರೆ ಆಗಲ್ಲ. ಆಯ್ತದೆ ಬುಡಮ್ಮ, ಬೆಟ್ಟ ಅಂತ ಹೆಸರಿಟ್ಕೊಂಡು ಏರು ಕಂಡ್ರೆ ಹೆದರೋಳು ನೀನು, ನನಗೆ ಹೇಳ್ತೀಯ. ಸಂಘಮಿತ್ರ ಎಂದು ಗಂಡ ಸಿದ್ದರಾಜು ಬುದ್ಧ ವಿಹಾರದಲ್ಲಿ ಹೆಸರಿಡಿಸಿದ ದಿನ ಸಾಧು ಸ್ವಭಾವದ ಮಗಳಾಗುತ್ತಾಳೆ ಅಂದುಕೊಂಡಿದ್ದರು, ನಾಲಿಗೆ ಮಾತ್ರ ಅಜ್ಜಿ ತಿಮ್ಮಮ್ಮನದೇ ಬಂತು. ಆ ಅತ್ತೆಯಂತೂ ಮೊದಲ ದಿನ ಸೊಸೆ ಬೂಟು ಕಟ್ಟುವುದನ್ನು ನೋಡಿ, ಯಾವನವ್ವ ಅಟ್ಟುಸ್ಕೊಂಡು ಬತ್ತಾವ್ನೆ, ಇಂಗೆ ಓಡೀಯಲ್ಲ, ಅಂದು ಬೀದಿಗೆಲ್ಲ ಕೇಳುವ ಹಾಗೆ ನಕ್ಕಿದ್ದಳು, ಈಗ ಅವಳೇ ಅಕ್ಕಪಕ್ಕದವರಿಗೆ ನಮ್ ಬೆಟ್ಟಿ ಬಾವುಟ ಹೊತ್ಕೊಂಡೋಯ್ತಾಳೆ ಕಣ್ರಮ್ಮ, ದಸರಾದಲ್ಲಿ ಆನೆ ಹೋಯ್ತದಲ್ಲ ಅಂಗೆ, ಅನ್ನುತ್ತಾಳೆ. ಮೇಡಂ, ಏನ್ ಮೇಡಂ, ಬಸ್ ನಿಧಾನ ಆಯ್ತಲ್ಲ, ಡೀಸೆಲ್ ಮುಗೀತಾ — ಇದು ಪಕ್ಕದಲ್ಲಿ ಏದುಸಿರು ಬಿಡುತ್ತಿರುವ ಕುಮಾರಸ್ವಾಮಿ, ಒಂಟಿಕೊಪ್ಪಲಿನಲ್ಲಿ ಪುಸ್ತಕ ಪೆನ್ನಿನ ಅಂಗಡಿಯವರು, ಹೋದ ವರ್ಷ, ಅದರ ಹಿಂದಿನ ವರ್ಷ, ಎರಡು ಸಲವೂ ಇದೇ ಬಾವುಟ ಕಣ್ಮರೆಯಾಗಿ ಕೊನೆಗೆ ನಡೆದುಕೊಂಡು ಬಂದವರು, ಇವತ್ತು ಬೆಳಿಗ್ಗೆ ಓವಲ್ ಮೈದಾನದಲ್ಲಿ ಕೈಮುಗಿದು ಹೇಳಿದ್ದರು, ಈ ಸಲ ನಿಮ್ಮ ಬಸ್ ಹತ್ತಿದೀನಿ, ಮಧ್ಯದಲ್ಲಿ ಇಳಿಸ್ಬೇಡಿ ತಾಯಿ, ಮನೆಯವಳು ಬೂಟ್ ಎತ್ತಿ ಅಟ್ಟಕ್ಕೆ ಹಾಕ್ತೀನಿ ಅಂದವ್ಳೆ. ಕೈಗಡಿಯಾರ ನೋಡಿದಳು. ಹೊತ್ತಾಗಿದೆ, ಇರಬೇಕಾದ ಜಾಗಕ್ಕಿಂತ ಬಾವುಟ ಹಿಂದಿದೆ, ನಾಲ್ಕು ಹೆಜ್ಜೆ ನಿಧಾನ ಮಾಡಿದ್ದು ಎಲ್ಲರ ತಲೆಯ ಮೇಲೆ ಕೂತಿದೆ.

ಆಗ ಮಾಡಿದ್ದೇ ಪೇಸರ್ ಆದವರು ಮಾಡಬಾರದ ಕೆಲಸ, ಗೊತ್ತಿದ್ದೂ ಮಾಡಿದಳು, ಕಳೆದುಹೋದ ಹೊತ್ತನ್ನು ಒಂದೇ ಸಲಕ್ಕೆ ಹಿಡಿಯುತ್ತೇನೆ ಎಂದು ಲಲಿತಮಹಲ್ ರಸ್ತೆಯ ಇಳಿಜಾರಿನಲ್ಲಿ ಕಾಲು ಬಿಟ್ಟಳು, ಇಳಿಜಾರು ಎಷ್ಟು ಸುಖ, ಬೆಳಗಿನ ತಂಪು ಗಾಳಿ, ದಸರಾದ ದೀಪದ ಸರಗಳನ್ನು ಇನ್ನೂ ಮರಗಳಿಂದ ಬಿಚ್ಚಿಲ್ಲ, ಬಾವುಟ ಹಿಂದಕ್ಕೆ ಬಾಗಿ ಬೆನ್ನನ್ನು ಎಳೆಯುತ್ತಿದೆ, ಈ ಕೋಲು ಸಿಕ್ಕಿಸುವ ಪಟ್ಟಿಯನ್ನು ಅವಳೇ ಹೊಲಿದುಕೊಂಡಿದ್ದು, ಗುಂಪಿನ ಹೆಂಗಸರ ಓಟದ ಪ್ಯಾಂಟುಗಳಿಗೆ ಜೇಬು ಇಟ್ಟುಕೊಟ್ಟು ಇಟ್ಟುಕೊಟ್ಟೇ ಅಲ್ಲವೇ ಅವಳು ಈ ಗುಂಪಿಗೆ ಸೇರಿದ್ದು, ನೀವೂ ಬನ್ನಿ ಬೆಟ್ಟಮ್ಮ, ದಿನವೆಲ್ಲ ಕೂತಿರ್ತೀರ, ಸೊಂಟ ಹೋಗುತ್ತೆ, ಅಂದು ಕರೆದರು, ಮೊದಲ ದಿನ ಕೆರೆಯ ಒಂದು ಮೂಲೆಯವರೆಗೂ ಆಗಲಿಲ್ಲ, ಬೆಂಚಿನ ಮೇಲೆ ಕೂತು ಇದು ಉಳ್ಳವರ ಹುಚ್ಚು ಅಂದುಕೊಂಡಳು, ಮಾರನೇ ದಿನ ಮತ್ತೆ ಹೋದಳು, ಯಾಕೆ ಹೋದಳು, ಆ ಮೂಲೆ ದಾಟಬೇಕಿತ್ತು ಅಷ್ಟೇ, ಅಡುಗೆ ಮನೆ, ಅತ್ತೆ, ಗಿರಾಕಿ, ನಾಳೆ ಕೊಡಬೇಕಾದ ಬ್ಲೌಸು, ಇವುಗಳಲ್ಲಿ ಯಾವುದಕ್ಕೂ ಮುಗಿಯಿತು ಅನ್ನುವ ಜಾಗವೇ ಇಲ್ಲ, ಕೆರೆಯ ಮೂಲೆಗೆ ಇತ್ತು. ಮೇಡಂ ಸ್ವಲ್ಪ, ಮೇಡಂ, ಅಂದರು ಯಾರೋ, ಕುಮಾರಸ್ವಾಮಿ ಒಂದು ಕೈಯಲ್ಲಿ ಪಕ್ಕೆ ಒತ್ತಿಕೊಂಡು ಓಡುತ್ತಿದ್ದಾರೆ, ಇಬ್ಬರು ಹೆಂಗಸರು ಆಗಲೇ ಹಿಂದೆ ಬಿದ್ದಿದ್ದಾರೆ, ಕಾರಂಜಿ ಕೆರೆಯ ಬೇಲಿ ದಾಟಿತು, ಗಡಿಯಾರ ನೋಡಿದರೆ ಈಗ ಬಾವುಟ ಮುಂದೆ ಇದೆ, ಹಿಡಿಯಬೇಕಾದದ್ದಕ್ಕಿಂತ ಹೆಚ್ಚೇ ಹಿಡಿದಿದ್ದಾಳೆ, ಎಡಗಾಲಿನ ಮೀನಖಂಡದಲ್ಲಿ ಒಂದು ದಾರ ಬಿಗಿದ ಹಾಗೆ ಸಣ್ಣಗೆ ಎಳೆತ, ಇರಲಿ. ಮೃಗಾಲಯದ ಗೇಟಿನ ಮುಂದೆ ಇನ್ನೊಂದು ಸಲ ತಿರುಗಿದಳು. ನೇರ ರಸ್ತೆ, ತುಂಬಾ ದೂರದವರೆಗೂ ಕಾಣುತ್ತದೆ, ನೀಲಿ ಟೀ ಶರ್ಟು ಇಲ್ಲ. ಒಳಗಿನಿಂದ ಯಾವುದೋ ಪ್ರಾಣಿ ಒಂದೇ ಸಮನೆ ಕೂಗುತ್ತಿತ್ತು. ಎಲ್ಲಿ ಹೋದಳು, ಬಿದ್ದಳಾ, ರಸ್ತೆ ಬದಿಯಲ್ಲಿ ಕೂತಳಾ, ಬಾಯಿ ತೆರೆದು ಕೂಗುತ್ತಿದ್ದಾಳಾ, ಸದ್ದೇ ಇಲ್ಲದ ಆ ಬಾಯಿ, ಹಳದಿ ಬಾಟಲಿ — ಇಲ್ಲಿ ನಿಂತುಬಿಡಬಹುದು, ಬಾವುಟ ಕೆಳಗಿಟ್ಟು ಹಿಂದಕ್ಕೆ ಓಡಬಹುದು, ತಾಯಿ ಅಂದಮೇಲೆ ಯಾರು ಏನನ್ನುತ್ತಾರೆ, ಯಾರೂ ಏನೂ ಅನ್ನುವುದಿಲ್ಲ, ಚೈತನ್ಯನೂ ಅನ್ನುವುದಿಲ್ಲ. ಕುಮಾರಸ್ವಾಮಿ ಮುಖ ಎತ್ತಿ ಬಾವುಟವನ್ನು ನೋಡುತ್ತಿದ್ದರು, ಅವಳನ್ನಲ್ಲ, ಬಾವುಟವನ್ನು, ಅಂಗಡಿಯ ಬಾಗಿಲಲ್ಲಿ ನಿಂತು ಮಳೆ ಬರುತ್ತದೋ ಇಲ್ಲವೋ ಎಂದು ಆಕಾಶ ನೋಡುವವರ ಹಾಗೆ. ಮಗಳಿಗೀಗ ಇಪ್ಪತ್ತು ವರ್ಷ, ಅಂದುಕೊಂಡಳು ಬೆಟ್ಟಮ್ಮ, ಬಿದ್ದರೆ ಏಳುತ್ತಾಳೆ, ರಸ್ತೆಯಲ್ಲಿ ಡಾಕ್ಟರ್ ಇದ್ದಾರೆ, ನೀರಿದೆ, ಇವರಿಗೆ ಇನ್ನೊಂದು ಬಾವುಟ ಇಲ್ಲ. ಮುಂದಕ್ಕೆ ತಿರುಗಿದಳು. ನಡೆ ಸರಿಮಾಡಿಕೊಂಡಳು. ಹೋದಳು.

ಆಮೇಲೆ ತಿರುಗಲಿಲ್ಲ, ಅರಮನೆಯ ಗೋಡೆಯ ಪಕ್ಕ ತಿರುಗಲಿಲ್ಲ, ಪಾರಿವಾಳಗಳು ಗುಂಪಾಗಿ ಎದ್ದು ಕೂತಾಗಲೂ ತಿರುಗಲಿಲ್ಲ, ಮೀನಖಂಡದ ದಾರ ಮಾತ್ರ ಪ್ರತಿ ಹೆಜ್ಜೆಗೂ ಒಂದು ಸುತ್ತು ಬಿಗಿಯುತ್ತಿದೆ, ಉಪ್ಪು ನೀರು ಕುಡಿದಳು, ಅದಕ್ಕೆ ಕೇಳುವ ಕಾಲಲ್ಲ ಇದು, ಅಷ್ಟು ತಿರುಗಿ ತಿರುಗಿ ನೋಡಿದ್ದು, ಇಳಿಜಾರಿನಲ್ಲಿ ಅಷ್ಟು ಕುಣಿದದ್ದು, ಎಲ್ಲ ಸೇರಿಸಿ ಈಗ ವಸೂಲಿಗೆ ಬಂದಿದೆ, ಇರಲಿ, ಇನ್ನು ರಾಮಸ್ವಾಮಿ ವೃತ್ತ, ಅಲ್ಲಿಂದ ಓಟ ಮುಗಿಯುವ ಓವಲ್ ಎಷ್ಟು ಮಹಾ, ತನ್ನ ಹೊಲಿಗೆ ಅಂಗಡಿಯಿಂದ ಮನೆಗೆ ಹೋಗಿ ಬಂದಷ್ಟು, ಎಡಗಾಲೇ ಕೇಳು, ನಿನ್ನ ಮೇಲೆ ಈ ಮನೆ ಇಷ್ಟು ದಿನ ನಿಂತಿದೆ, ಪೆಡಲು ತುಳಿದದ್ದು ನೀನು, ಇನ್ನೊಂದಿಷ್ಟು — ವೃತ್ತ ದಾಟಿದ ಕೂಡಲೇ ಕಾಲು ಕಲ್ಲಾಯಿತು. ಹೆಜ್ಜೆ ಇಡಲು ಹೋದರೆ ಪಾದ ತಾನಾಗಿ ಕೆಳಕ್ಕೆ ಮಡಚಿಕೊಳ್ಳುತ್ತದೆ. ದೀಪದ ಕಂಬ ಹಿಡಿದು ನಿಂತಳು, ಬಾವುಟ ನಿಂತಿತು, ಬಾವುಟ ನಿಂತದ್ದೇ ಎಲ್ಲರೂ ನಿಂತರು, ಸರಪಳಿ ಎಳೆದ ರೈಲಿನ ಹಾಗೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡು. ಹೋಗಿ, ನೀವು ಹೋಗಿ, ಅಂದಳು. ಯಾವ ನಡೇಲಿ ಹೋಗೋದು ಮೇಡಂ, ನಮಗೆ ಗೊತ್ತಾಗಲ್ವಲ್ಲ. ಕುಮಾರಸ್ವಾಮಿಗಳೇ, ನೀವು ಹಿಡ್ಕೊಳ್ಳಿ. ಅಯ್ಯೋ ನನ್ ಕೈಗೆ ಕೊಡ್ಬೇಡಿ ತಾಯಿ, ನಾನು ಇದ್ನ ಹಿಡ್ಕೊಂಡು ಸೀದಾ ಕಾಫಿ ಕುಡಿಯಕ್ಕೆ ಹೋಯ್ತೀನಿ, ಅಂದರು, ನಗಲು ನೋಡಿದರು, ಆಗಲಿಲ್ಲ, ಕಣ್ಣು ತುಂಬಿ ನಿಂತಿತ್ತು. ಬೆಟ್ಟಮ್ಮ ಕಂಬಕ್ಕೆ ಪಾದ ಒತ್ತಿದಳು, ಒತ್ತಿ ಒತ್ತಿ ಹಲ್ಲು ಕಚ್ಚಿದಳು, ನೋವು ಸೊಂಟಕ್ಕೆ ಏರಿತು, ಬಿಡಲಿಲ್ಲ, ಆಗ ಕೇಳಿಸಿತು — ಒಬ್ಬರದೇ ಹೆಜ್ಜೆ, ಅವಸರವಿಲ್ಲ, ಬಲಗಾಲು ನೆಲಕ್ಕೆ ಒರೆಸಿ ಎತ್ತುತ್ತ, ಒಂದೂ ಹಾರದೆ, ನೇರ ಗೆರೆಯ ಮೇಲೆ ಬರುವ ಹೊಲಿಗೆಯ ಹಾಗೆ. ಏನಮ್ಮ ಇಲ್ ನಿಂತಿದೀಯ. ನೀನು ಎಲ್ಲೇ ಹೋಗಿದ್ದೆ, ಮೃಗಾಲಯದ ಹತ್ರ ನೋಡಿದ್ರೆ ಇಲ್ಲ, ಜೀವ ಹೋಯ್ತು ನಂದು. ನಾನೆಲ್ ಹೋಗ್ಲಿ, ಏರಲ್ಲಿ ನಿಧಾನ ಆದೆ, ಆಮೇಲೆ ಸ್ವಲ್ಪ ಸ್ವಲ್ಪವೇ ಹೊತ್ತು ಹಿಡ್ಕೊಂಡು ನೀನು ಹೇಳ್ಕೊಟ್ಟಿದ್ ನಡೇಲೇ ಬಂದೆ, ನೀನೇ ಕಣಮ್ಮ ಹುಚ್ಚು ಹಿಡಿದೋರ ಥರ ಇಳಿಜಾರಲ್ಲಿ ಓಡ್ಬುಟ್ಟೆ, ಈ ಪಾಪದೋರ್ನೆಲ್ಲ ಎಳ್ಕೊಂಡು. ಅಂಗಡಿಯವರು ಹಿಂದಿನಿಂದ, ಹೌದಮ್ಮ, ಸರಿಯಾಗಿ ಹೇಳ್ದೆ, ಅಂದರು. ಬೆಟ್ಟಮ್ಮ ಗಡಿಯಾರ ನೋಡಿದಳು, ಮತ್ತೊಮ್ಮೆ ನೋಡಿದಳು. ಬಾವುಟ ಈ ಹೊತ್ತಿಗೆ ಎಲ್ಲಿರಬೇಕಿತ್ತೋ ಅಲ್ಲೇ ಇದೆ, ಮಗಳು ಬಂದು ನಿಂತ ಜಾಗದಲ್ಲಿ.

ಕೊಡಮ್ಮ, ಅಂದಳು ಮಿತ್ರಾ. ನಿಂಗೆ ಆಗಲ್ಲ ಕಣೆ, ಮೊದಲನೇ ಸಲ, ನಾನು ಇನ್ನೊಂದು ಕ್ಷಣ, ಕಾಲು ಸಡಿಲ ಆಗ್ತಿದೆ. ಕಾಲು ತೋರ್ಸು. ಬೇಡ. ಅಮ್ಮ, ಇವರ ಹೊತ್ತು ಹೋಗ್ತಿದೆ, ಕೊಡು. ಎಷ್ಟು ಗಟ್ಟಿ ದನಿ, ಅತ್ತೆ ತಿಮ್ಮಮ್ಮ ಬೀದಿ ನಲ್ಲಿಯ ಜಗಳಕ್ಕೆ ನಿಂತರೆ ಹೀಗೇ, ಎದುರು ಮಾತಿಗೆ ಜಾಗವೇ ಇಲ್ಲ. ಬೆನ್ನಿನ ಪಟ್ಟಿ ಬೆಟ್ಟಮ್ಮನ ಅಳತೆಗೆ ಹೊಲಿದದ್ದು, ಬಿಚ್ಚಿ ಕಟ್ಟುವುದಕ್ಕೆ ಹೊತ್ತಿಲ್ಲ, ಕೈ ಹಿಂದಕ್ಕೆ ಹಾಕಿ ಕೋಲನ್ನು ಒರೆಯಿಂದ ಎಳೆದಳು, ಎಳೆದ ಕೂಡಲೇ ಬೆನ್ನು ಎಷ್ಟು ಹಗುರ, ಹಗುರ ಆದದ್ದು ಇಷ್ಟವಾಗಲಿಲ್ಲ, ಒಂದು ಗಳಿಗೆ ಇಬ್ಬರ ಕೈಯೂ ಕೋಲಿನ ಮೇಲಿತ್ತು, ಬಿಟ್ಟಳು. ಬೇಗ ಹೋಗ್ಬೇಡ, ಅವರ ಉಸಿರು ಕೇಳ್ಕೊಂಡು ಹೋಗು, ಕುಮಾರಸ್ವಾಮಿಗಳ್ನ ಪಕ್ಕದಲ್ಲೇ ಇಟ್ಕೋ, ಆಮೇಲೆ — ಗೊತ್ತು ಬುಡಮ್ಮ. ಬನ್ನಿ ಅಂಕಲ್, ಬಸ್ ಹೊರಡ್ತು. ಹೊರಟರು. ಎಲ್ಲರ ಹೆಜ್ಜೆ ಒಂದರೊಳಗೊಂದು ಸೇರಿಕೊಂಡು ದೂರವಾಗುತ್ತದೆ, ಬೆಟ್ಟಮ್ಮ ಕಂಬ ಬಿಟ್ಟಳು, ಎಡಗಾಲು ಇಟ್ಟಳು, ನೆಲ ಚುಚ್ಚಿತು, ಇನ್ನೊಂದು ಇಟ್ಟಳು, ಓಟದ ಕೊನೆಯ ಗೆರೆ ಅವಳೂ ದಾಟಬೇಕು, ಹೊತ್ತು ಎಷ್ಟೇ ಆಗಲಿ, ಕುಂಟಿಕೊಂಡಾದರೂ ಸರಿ, ಯಾರ ವಾಹನವನ್ನೂ ಹತ್ತುವುದಿಲ್ಲ, ರಸ್ತೆ ಬದಿಯಲ್ಲಿ ಹಾಲಿನ ಕ್ಯಾನು ಇಟ್ಟುಕೊಂಡ ಮುದುಕನೊಬ್ಬ ಹೋಗು ಮಗಾ ಹೋಗು ಅನ್ನುತ್ತಾನೆ, ಹೋಗುತ್ತಿದ್ದೇನೆ ಅಪ್ಪಾ, ಮುಂದೆ ಮರಗಳ ಸಾಲು, ಅದರ ಕೆಳಗೆ ಕಿತ್ತಳೆ ಬಾವುಟ, ಮಗಳ ತಲೆಗಿಂತ ಒಂದು ಮೊಳ ಮೇಲೆ, ಅಲುಗಾಡದೆ, ಒಂದೇ ನಡೆಯಲ್ಲಿ, ತಿರುವಿನ ಹತ್ತಿರ ಬಂತು, ಬಾವುಟ, ಒಂದು ಸಲ ತಿರುಗಿ ನೋಡುತ್ತಾಳೇನೋ, ನೋಡಲಿಲ್ಲ, ಬಾವುಟ, ತಿರುವು ದಾಟುತ್ತಿದೆ, ಬಾವುಟ.

ಬಿಟ್ಟು ಮುಂದೆ ಹೋಗುವುದಿಲ್ಲ ಎಂದು ಬೆಟ್ಟಮ್ಮ ಮಗಳಿಗೆ ಮಾತು ಕೊಟ್ಟಿದ್ದಳು. ಮೃಗಾಲಯದ ಮುಂದೆ ಆ ಮಾತು ಮುರಿದಳು.